ನಾಲಿಗೆ ಹಿಡಿಯುವ ವಾಲ್ವು

ಅತ್ತೆಯ ನಾಲಿಗೆಯ ತುದಿಯಲ್ಲಿ ಸಣ್ಣದೊಂದು ಕೆಂಪು ಉಂಗುರದ ಗುರುತು ಇರುತ್ತಿತ್ತು. ಸದಾ ಇರುತ್ತಿತ್ತು ಎನ್ನುತ್ತದೆ ನೆನಪು; ನಾನು ಪೂರ್ತಿ ನಂಬುವುದಿಲ್ಲ. ಕಾರ್ಬುರೇಟರ್ ಬಿಚ್ಚಿದ ದಿನಗಳಲ್ಲಂತೂ ಇತ್ತು.

ಅಪ್ಪನ ಅಕ್ಕ. ಸೊರಬದಲ್ಲಿ ನರ್ಸ್ ಆಗಿದ್ದು, ನಿವೃತ್ತಿಯಾಗಿ ಶಿಕಾರಿಪುರದ ನಮ್ಮ ಮನೆಗೆ ಬರುವಾಗ ತಮ್ಮ ಹಳೇ ಬಿಳಿ ಕಾರನ್ನು ತಾವೇ ಓಡಿಸಿಕೊಂಡು ಬಂದರು. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ಚೆಂಡಿನಂತೆ, ಪೆಟ್ರೋಲು ನಿಲ್ಲಿಸಬೇಕಾದ ಫ್ಲೋಟ್ ವಾಲ್ವು ಅದರ ಕಾರ್ಬುರೇಟರಿನಲ್ಲಿ ಸವೆದಿತ್ತು. ಪೆಟ್ರೋಲು ಉಕ್ಕಿ ಎಂಜಿನ್ ಮೇಲೆ ಸುರಿಯುತ್ತಿತ್ತು.

"ಅಕ್ಕಾ, ಒಂದಿನ ನಿನ್ನನ್ನೂ ಸೇರಿಸಿ ಸುಟ್ಟುಹೋಗ್ತದೆ. ಗುಜರಿಗೆ ಹಾಕು" ಎಂದರು ಅಪ್ಪ.

"ರಿಪೇರಿ ಮಾಡಿಸಿ ಸೊರಬಕ್ಕೆ ಹೋಗಣ. ಪೆಟ್ರೋಲ್ ವಾಸನೆ ಬಂದ್ರೆ ನೀನೇ ಗುಜರಿಯವನನ್ನ ಕರಿ. ಬರದಿದ್ರೆ ಆ ಮಾತು ಮತ್ತೆ ಎತ್ತಬಾರದು."

ಮೆಕ್ಯಾನಿಕ್ ರಬ್ಬರ್ ತುದಿಯ ಹೊಸ ವಾಲ್ವು ಕೂರಿಸಿಕೊಟ್ಟ. ಅತ್ತೆ ಕಾರ್ಬುರೇಟರಿನ ಮುಚ್ಚಳ ಮಗುಚಿ ಹಿಡಿದು, ಅದರಲ್ಲಿ ಪೆಟ್ರೋಲು ಬರುವ ನಳಿಗೆಯ ಗಾಳಿಯನ್ನು ಬಾಯಲ್ಲಿ ಎಳೆದು ನಾಲಿಗೆ ಒತ್ತಿದರು. ವಾಲ್ವು ಸೋರದಂತೆ ಮುಚ್ಚಿದ್ದರಿಂದ ನಾಲಿಗೆ ಅಂಟಿಕೊಂಡಿತು.

"ನೋಡ್ರಿ ಅಮ್ಮಾ, ನಾಲಿಗೆ ಬಿಡ್ತಾನೇ ಇಲ್ಲ! ಇದೇ ಇರ್ಲಿ" ಎಂದ ಮೆಕ್ಯಾನಿಕ್.

"ಮದುವೆ ದಿನ ಎಲ್ಲಾ ಗಂಡಸ್ರೂ ಒಳ್ಳೆಯವ್ರೇ ಕಣಪ್ಪ" ಎಂದರು, ಮದುವೆಯೇ ಆಗದ ಅತ್ತೆ. "ನಾಲ್ಕು ದಿನ ಪೆಟ್ರೋಲಲ್ಲಿ ಬಾಳಿ ತೋರಿಸ್ಲಿ."

ಬಂಕಿನ ಈಗಿನ ಎಥನಾಲ್ ಬೆರೆಸಿದ ಪೆಟ್ರೋಲನ್ನು ಉಪ್ಪಿನಕಾಯಿ ಭರಣಿಗೆ ಹಾಕಿ, ವಾಲ್ವು ಬಿಚ್ಚಿ ನೆನೆಸಿಟ್ಟರು. ರಬ್ಬರ್ ಊದಿಕೊಂಡಿತು. ಮೆಕ್ಯಾನಿಕ್ ಹತ್ತಿರ ತರಿಸಿಕೊಂಡ ಉಕ್ಕಿನ ತುದಿಯದು ಊದಲಿಲ್ಲ, ಆದರೆ ನಾಲಿಗೆಯನ್ನೂ ಹಿಡಿಯಲಿಲ್ಲ. ಅತ್ತೆ ಅದನ್ನೇ ಆರಿಸಿದರು. ಹಿತ್ತಾಳೆ ಪಾಲಿಶ್ ಸವರಿ, ಅದು ಕೂರುವ ಗೂಡಿನಲ್ಲೇ ತಿರುಗಿಸಿ ಉಜ್ಜಿದರು, ತೊಳೆದರು, ನಾಲಿಗೆಯಿಟ್ಟರು, ಉಗಿದರು, ಮತ್ತೆ ತಿರುಗಿಸಿದರು. ಅದು ಹಿಡಿಯುವ ತನಕ ಏಳಲಿಲ್ಲ.

ಸೊರಬದಲ್ಲಿ ಬಾನೆಟ್ ಎತ್ತಿದಾಗ ಅಪ್ಪ ಒಳಗೆ ಮೂಗು ತೂರಿಸಿ ಬಹಳ ಹೊತ್ತು ನಿಂತರಂತೆ.

"ಏನೋ, ಎಂಜಿನ್ನಿಗೆ ಮುತ್ತು ಕೊಡ್ತಿದೀಯಾ?"

ನಾನು ಹಿಂದಿನ ಸೀಟಿನಲ್ಲಿದ್ದೆ ಎಂದೇ ಹೇಳಿಕೊಂಡು ಬಂದಿದ್ದೇನೆ. ನೀನು ಬಂದೇ ಇರಲಿಲ್ಲ ಎನ್ನುತ್ತಾರೆ ಅಪ್ಪ. ಅತ್ತೆಯ ಆ ಮಾತು ಮಾತ್ರ ಇಬ್ಬರಿಗೂ ಒಂದೇ. ವಾಸನೆ ಬರಲಿಲ್ಲ ಎನ್ನುವುದೂ.

ಅತ್ತೆ ಹೋದ ವರ್ಷ ತೀರಿಕೊಂಡರು. ಇನ್ನು ಹೇಳುವುದು ನಾನು ಅಂಗಳದಲ್ಲಿ ನಿಂತು ನೋಡಿದ್ದು. ಗುಜರಿಯವನು ತಾನಾಗಿ ಬಂದ. "ಇನ್ನು ಯಾರು ಓಡಿಸ್ತಾರ್ರಿ ಇದನ್ನ? ಕೊಟ್ಬಿಡ್ರಿ."

ಅಪ್ಪ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು, ಕಾರ್ಬುರೇಟರಿನ ಮುಚ್ಚಳ ಬಾಯಿಗೆ ಹಿಡಿದು. ಮಾತಾಡಲು ಆಗಲಿಲ್ಲ, ವಾಲ್ವು ನಾಲಿಗೆ ಹಿಡಿದುಕೊಂಡಿತ್ತು. ಇನ್ನೊಂದು ಕೈಯೆತ್ತಿ ಗೇಟು ತೋರಿಸಿದರು.