ಕುರ್ಚಿ ಬಿಟ್ಟೇಳದ ಅಮ್ಮ

ಅಮ್ಮ ಮೈಸೂರಿನಲ್ಲಿ ಸಂಗೀತ ಪಾಠ ಹೇಳಿಕೊಂಡು ಬಂದವಳು. ಕಛೇರಿಯಲ್ಲಿ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಎದ್ದು ಹೋಗುವವರನ್ನು ಅವಳು ಜನ್ಮದಲ್ಲಿ ಕ್ಷಮಿಸಿದವಳಲ್ಲ. ಮೃದಂಗದವನು ಜೀವ ತೇಯ್ದು ಬಾರಿಸುತ್ತಿರುವಾಗ ಇವರಿಗೆ ಬೋಂಡದ ಚಿಂತೆ ಎಂದು ಮನೆ ಮುಟ್ಟುವವರೆಗೂ ಬೈಯುವಳು. ಅಂಥವಳನ್ನು ಅಮೆರಿಕದಲ್ಲಿ ನಾವಿರುವ ರೆಂಟನ್‌ನ ಶಾಲೆಯೊಂದಕ್ಕೆ ನನ್ನ ಮಗಳ ಮರಿಂಬಾ ಕೇಳಿಸಲು ಕರೆದೊಯ್ದಿದ್ದೆ.

ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಕೋಲಿನಿಂದ ಬಾರಿಸುವ ವಾದ್ಯ ಅದು. ಮಗಳ ಗುಂಪು ನುಡಿಸುವುದು ಜಿಂಬಾಬ್ವೆಯ ಶೋನಾ ಜನರ ಹಾಡುಗಳನ್ನು. ಅಜ್ಜಿ ಬಂದಾಗಿನಿಂದ ಹುಡುಗಿ ಊಟದ ಮೇಜನ್ನೇ ಕುಟ್ಟಿ ಅಭ್ಯಾಸ ಮಾಡಿ ನನ್ನ ತಲೆ ಚಿಟ್ಟು ಹಿಡಿಸಿದ್ದಳು. ಅಜ್ಜಿಗೆ ಇಷ್ಟವಾಗುತ್ತದೋ ಇಲ್ಲವೋ, ಅದೊಂದೇ ಅವಳಿಗೆ ಚಿಂತೆ.

ಹರಾರೆಯಿಂದ ಬಂದ ಅವರ ಮೇಷ್ಟ್ರು ಮೊದಲೇ ಹೇಳಿದರು: ನಮ್ಮಲ್ಲಿ ಹಾಡು ಹಿಡಿಸಿದವರು ಎದ್ದು ಕುಣಿಯುತ್ತಾರೆ, ಕೂತೇ ಇದ್ದರೆ ಏನೋ ಮುನಿಸು ಅಂದುಕೊಳ್ಳುತ್ತೇವೆ. ಅಮ್ಮನ ಕಿವಿಯಲ್ಲಿ ಅದನ್ನು ಕನ್ನಡದಲ್ಲಿ ಹೇಳಿದೆ. ತಮಾಷೆ ಮಾಡಬೇಡ, ಸುಮ್ಮನೆ ಕೂತು ಕೇಳು ಎಂದು ನನ್ನನ್ನೇ ಗದರಿದಳು.

ಎರಡನೆಯ ಹಾಡಿಗೆ ಸಭೆಗೆ ಸಭೆಯೇ ಎದ್ದಿತು. ಕಾಲು ತಡೆಯದೆ ನಾನೂ ಎದ್ದೆ. ಅಮ್ಮ ಮಾತ್ರ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೂತೇ ಇದ್ದಳು. ಅವಳು ಹಾಗೆ ಕೇಳುವುದು ತೀರಾ ಮನಸ್ಸು ತುಂಬಿದಾಗ ಮಾತ್ರ, ನನಗೆ ಗೊತ್ತು. ಮಗಳಿಗೆ ಗೊತ್ತಿಲ್ಲ. ವೇದಿಕೆಯಿಂದ ಮತ್ತೆ ಮತ್ತೆ ಇತ್ತಲೇ ನೋಡುತ್ತಿದ್ದ ಅವಳ ಮುಖ ಸಣ್ಣದಾಗುತ್ತಾ ಹೋಯಿತು.

ಕಾರಿನಲ್ಲಿ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು. "ಅಜ್ಜಿ ಹೇಟೆಡ್ ಇಟ್."

ಅಷ್ಟು ಇಂಗ್ಲಿಷು ಅಮ್ಮನಿಗೂ ಬರುತ್ತದೆ. ಅವಳು ತಿರುಗಿ ಕೂತಳು. "ಅಯ್ಯೋ ಕಂದ, ನೀನು ನುಡಿಸ್ತಿರೋವಾಗ ಮಧ್ಯದಲ್ಲಿ ಎದ್ದು ನಿನಗೆ ಅವಮಾನ ಮಾಡ್ಲಾ ನಾನು?"

ಮೇಷ್ಟ್ರು ಹೇಳಿದ್ದು ತಮಾಷೆಯಲ್ಲವೆಂದು ನಾನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಮನೆಯ ಮುಂದೆ ಕಾರು ನಿಂತ ಕೂಡಲೇ ಅಮ್ಮ ಇಳಿದು, ನೀನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ಹಾಡನ್ನು ಜೋರಾಗಿ ಹಾಕು ಎಂದಳು.

ಮರಿಂಬಾ ಶುರುವಾಯಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು, ಎದುರು ಮನೆಯವರು ಕಸದ ಡಬ್ಬಿ ಬಿಟ್ಟು ನೋಡುತ್ತಿದ್ದರೂ ಲೆಕ್ಕಿಸದೆ, ತನಗೆ ತೋಚಿದಂತೆ ಕುಣಿದಳು. ಮಂಡಿ ನೋವಿನ ಹೆಂಗಸು! ಮಗಳು ಓಡಿ ಹೋಗಿ ಅವಳ ಇನ್ನೊಂದು ಕೈ ಹಿಡಿದಳು.

"ಸಾಕು ಅಜ್ಜಿ, ಕೂತ್ಕೋ," ಎಂದಳು, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ.

ಹಾಡು ಮುಗಿಯುವವರೆಗೂ ಅಮ್ಮ ಕೂರಲಿಲ್ಲ.