ರಿಲೀವರ್ ಬಾರದೆ ಕದಲದ ಸೆಲ್ವಣ್ಣ

ಸೆಲ್ವಣ್ಣನ ಬಾಯಲ್ಲಿ ಒಂದು ಸೈರನ್ ಇತ್ತು. ಕೆಳತುಟಿಯನ್ನು ಒಳಗೆಳೆದುಕೊಂಡು, ಕೆನ್ನೆ ಉಬ್ಬಿಸಿ, ಮೊದಲು ಸಣ್ಣಗೆ, ಆಮೇಲೆ ಏರಿಸುತ್ತ ಏರಿಸುತ್ತ ಬೀದಿಯ ಕೊನೆಗೂ ಕೇಳುವಂತೆ ಊದುತ್ತಿದ್ದರು. ಹೊನ್ನಾವರದ ಆಚೆಯ ಆ ಚಿಕ್ಕ ಲಾಡ್ಜಿನಲ್ಲಿ ಮೊದಲ ಬೆಳಿಗ್ಗೆ ಅದನ್ನು ಕೇಳಿ ನಾನು ಚಪ್ಪಲಿ ಹುಡುಕಿದೆ. ಪಕ್ಕದಲ್ಲಿ ಮಲಗಿದ್ದ ನಮ್ಮವರು ಸುನಾಮಿ ಬಂತೆಂದುಕೊಂಡು ಕನ್ನಡಕ ಹುಡುಕಿದರು. ಹೊರಗೆ ಬಂದರೆ ಲುಂಗಿ ಉಟ್ಟ ಸೆಲ್ವಣ್ಣ ಜಗಲಿಯ ಮೇಲೆ ನಿಂತಿದ್ದಾರೆ, ಅಂಗಳದಲ್ಲಿ ಬೀದಿನಾಯಿಗಳು ಕತ್ತೆತ್ತಿ ಜೊತೆಗೂಡಿ ಊಳಿಡುತ್ತಿವೆ.

"ಫಸ್ಟ್ ಶಿಫ್ಟು ಏಳ್ರಪ್ಪಾ. ಹಂಡೆ ನೀರು ಕಾದಿದೆ," ಅಂದರು, ಏನೂ ಆಗದವರಂತೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯುಷ್ಯ ಕಳೆದು ನಿವೃತ್ತರಾದವರು ಅವರು. ಶಿವಮೊಗ್ಗದ ವಿನೋಬನಗರದ ನಾವು ಕೆಲವರು ಸೇರಿ ಕಡಲು ನೋಡಲು ಟೆಂಪೋ ಮಾಡಿಕೊಂಡಾಗ ಉಳಿದಿದ್ದ ಎರಡು ಸೀಟಿಗೆ ಹತ್ತಿದ್ದು ಸೆಲ್ವಣ್ಣ ಮತ್ತು ಅವರ ಹೆಂಡತಿ ರಾಜಕ್ಕ. ಸಾಗರ ಪೇಟೆ ದಾಟುವಷ್ಟರಲ್ಲಿ ನನ್ನ ಡಬ್ಬಿಯ ಚಟ್ನಿಪುಡಿ ಅವಲಕ್ಕಿ ಅವರ ಪಾಲಾಗಿತ್ತು. ನಾನು ಅವರಿಗೆ ತಂಗಚ್ಚಿ, ಅಂದರೆ ತಂಗಿ, ಆಗಿದ್ದೆ.

ಲಾಡ್ಜಿನಲ್ಲಿ ಸಾಲಾಗಿ ನಾಲ್ಕಾರು ಕೋಣೆ, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಸೆಲ್ವಣ್ಣ ಅದಕ್ಕೆ ಶಿಫ್ಟು ಹಾಕಿದರು. ಹೆಂಗಸರು ಫಸ್ಟು, ಗಂಡಸರು ಸೆಕೆಂಡು, ಹೆಚ್ಚು ಹೊತ್ತು ಹಾಡಿಕೊಂಡು ಮೀಯುವ ನಮ್ಮವರು ಜನರಲ್ ಶಿಫ್ಟು. ಒಂದು ರಾತ್ರಿ ಉಳಿದು ಹೊರಡುವುದೆಂದು ಬಂದಿದ್ದೆವು. ಮರುದಿನ ಚೀಲ ಕಟ್ಟುತ್ತಿರುವಾಗ ಲಾಡ್ಜಿನ ಯಜಮಾನರು ಬಂದರು.

"ಹತ್ತು ಗಂಟೆಗೆ ರೂಮು ಬಿಡೂದು ಅಲ್ರಾ?"

"ಬಿಡ್ತೀನಿ ಸಾರ್. ನನ್ನ ರಿಲೀವರ್ ಎಲ್ಲಿ?" ಅಂದರು ಸೆಲ್ವಣ್ಣ.

"ಯಾರ್ರಾ ಅದು?"

"ಈ ರೂಮಿಗೆ ಮುಂದೆ ಬರೋ ಗಿರಾಕಿ. ಕುಲುಮೆ ಮುಂದೆ ನಿಂತೋನು ರಿಲೀವರ್ ಬಂದು ನಿಲ್ಲದೆ ಜಾಗ ಬಿಡಂಗಿಲ್ಲ ಸಾರ್. ಗಂಟೆ ಹೊಡೀಲಿ, ಹೆಂಡ್ತಿಗೆ ಹೆರಿಗೆ ಆಗ್ಲಿ."

"ಅದೂ ಆಗಿದೆ," ಅಂದರು ರಾಜಕ್ಕ ಸೀರೆ ಮಡಚುತ್ತ. "ನಮ್ಮ ದೊಡ್ಡವಳು ಹುಟ್ಟಿದ ದಿನ ರಿಲೀವರ್ ಬಂದು, ಈ ಮಹಾರಾಯ್ರು ಆಸ್ಪತ್ರೆಗೆ ಬರೋಷ್ಟರಲ್ಲಿ ಮಗು ಹಾಲು ಕುಡಿದು ಮಲಗಿತ್ತು."

ಯಜಮಾನರು ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀಸನ್ ಅಲ್ಲದ ವಾರ, ಮುಂದಿನ ಗಿರಾಕಿ ಇರಲೇ ಇಲ್ಲ. "ಹಾಂಗಾರೆ ಮಧ್ಯಾಹ್ನಕ್ಕೆ ಬಂಗಡೆ ತರೂದಾ?" ಎಂದು ಕೇಳಿದರು. ನಾವು ಉಳಿದೆವು. ಮರುದಿನವೂ ಉಳಿದೆವು. "ಒಂದೇ ದಿನ ಅಂದಿದ್ರಲ್ಲಮ್ಮ," ಎಂದು ಗೊಣಗುತ್ತಿದ್ದ ಡ್ರೈವರ್ ಮಂಜ ಪ್ಯಾಂಟು ಮಡಚಿ ಏಡಿ ಹಿಡಿಯಲು ಹೊರಟ. ಹಾಸಿಗೆಯಲ್ಲಿ ಮರಳು, ಕಾಫಿಯಲ್ಲಿ ಮರಳು, ನನ್ನ ಜಡೆಯಲ್ಲಿ ಮರಳು. ಯಾರಿಗೂ ಬೇಸರವಿರಲಿಲ್ಲ.

ಆದರೆ ಸೆಲ್ವಣ್ಣ ಹಟ ಹಿಡಿದಿದ್ದು ಬರೀ ತಮಾಷೆಗಲ್ಲ, ರಾಜಕ್ಕನಿಗಾಗಿ. ಹುಡುಗಿಯಾಗಿದ್ದಾಗ ಆಕೆ ಊರಿನ ಚಾನಲ್ಲಿಗೆ ಜಾರಿ ಬಿದ್ದಿದ್ದರಂತೆ. ಅಂದಿನಿಂದ ಹರಿಯುವ ನೀರಿಗೆ ಕಾಲಿಟ್ಟವರಲ್ಲ. "ಒಂದೇ ಒಂದ್ಸಲ ಅಲೆ ನನ್ನ ತಲೆ ಮೇಲೆ ಹೋಗ್ಬೇಕು ಕಣಮ್ಮ," ಎಂದು ನನ್ನ ಹತ್ತಿರ ಹೇಳಿದ್ದರು. ದಿನಾ ಸಂಜೆ ಸೆಲ್ವಣ್ಣ ಕೈ ಹಿಡಿದು ಇಳಿಸುತ್ತಿದ್ದರು. ಮೊದಲ ದಿನ ಪಾದ, ಆಮೇಲೆ ಮೀನಖಂಡ, ಆಮೇಲೆ ಮೊಣಕಾಲು. ಅಲ್ಲಿಗೆ ಬಂದ ಕೂಡಲೇ ರಾಜಕ್ಕ ಚೀರಿ, ಗಂಡನನ್ನೂ ಎಳೆದುಕೊಂಡು ದಂಡೆಗೆ ಓಡುತ್ತಿದ್ದರು. "ಪರವಾಗಿಲ್ಲಮ್ಮ, ನಾಳೆ ಓವರ್‌ಟೈಮ್ ಮಾಡೋಣ," ಅನ್ನುವರು ಸೆಲ್ವಣ್ಣ.

ಒಂದು ಸಂಜೆ ಯಜಮಾನರು ಫೋನು ಹಿಡಿದುಕೊಂಡು ಬಂದರು. "ನಿಮ್ಮ ರಿಲೀವರ್ ಸಿಕ್ರು ಸೆಲ್ವಣ್ಣ. ನಾಳೆ ಬೆಳಿಗ್ಗೆ ಬರ್ತ್ರಂತೆ."

ತಮ್ಮದೇ ಕಾನೂನು. ಸೆಲ್ವಣ್ಣ ಒಣಗಲು ಹಾಕಿದ್ದ ಲುಂಗಿ ಎಳೆದು ಚೀಲಕ್ಕೆ ತುರುಕಿದರು. ಸಾಲದ್ದಕ್ಕೆ ಮಂಜನ ಜೊತೆ ಏಡಿ ಅಟ್ಟಿಸಿಕೊಂಡು ಹೋಗಿ ಬಂಡೆಯ ಚಿಪ್ಪಿನಲ್ಲಿ ಅಂಗಾಲು ಕೊಯ್ದುಕೊಂಡು ಬಂದರು. ನಾನೇ ಅರಿಸಿನ ಒತ್ತಿ ಬಟ್ಟೆ ಕಟ್ಟಿದೆ.

ಬೆಳಿಗ್ಗೆ ಕುಂಟುತ್ತ ಬಂದು ಮರಳಿನ ಮೇಲೆ ಕೂತರು. "ತಂಗಚ್ಚಿ, ಈ ಶಿಫ್ಟಿಗೆ ನೀನು."

ಅಷ್ಟು ದಿನವೂ ನಾನು ನೆನೆಸಿದ್ದು ಸೀರೆಯ ಅಂಚು ಮಾತ್ರ. "ನನಗೂ ಈಜು ಬರಲ್ಲ ಸೆಲ್ವಣ್ಣ. ನಮ್ಮೋರನ್ನ ಕಳಿಸ್ತೀನಿ," ಅಂದೆ.

"ಸಾರಾ? ಕನ್ನಡಕ ತೆಗೆದ್ರೆ ಅವರಿಗೆ ಹೆಂಡ್ತಿ ಯಾರು ಅಂತಾನೇ ಗೊತ್ತಾಗಲ್ಲ. ಈಜೋದು ಯಾಕೆ? ನಿಂತ್ಕೊ, ಸಾಕು. ರಿಲೀವರ್ ಬರೋವರೆಗೂ ಕೈ ಬಿಡಬೇಡ, ಅಷ್ಟೇ ಕೆಲಸ."

ಇಳಿದೆವು. ಮೊಣಕಾಲು ದಾಟಿತು. ರಾಜಕ್ಕ ನನ್ನ ಬಳೆ ಸಮೇತ ಕೈ ಹಿಡಿದುಕೊಂಡಿದ್ದರು, ಒಂದು ಬಳೆ ಒಡೆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. "ಬಿಡಬೇಡ್ವೇ," ಅನ್ನುತ್ತಿದ್ದರು. "ನೀವು ಬಿಡಬೇಡಿ," ಅನ್ನುತ್ತಿದ್ದೆ ನಾನು. ಸೊಂಟದ ಮಟ್ಟಕ್ಕೆ ಬಂದಾಗ ದೊಡ್ಡದೊಂದು ಅಲೆ ಏಳುವುದು ಕಂಡಿತು. ಓಡಲು ಹೊತ್ತಿರಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ ಕೂತುಬಿಟ್ಟೆವು.

ಎದ್ದಾಗ ಮೂಗಿನಲ್ಲಿ ಉಪ್ಪು, ಮುಖದ ತುಂಬ ಕೂದಲು. ಕೂದಲು ಸರಿಸಿ ರಾಜಕ್ಕನ ಕಡೆ ತಿರುಗಿದೆ. ಆಕೆ ನಗುತ್ತಿದ್ದರು, ಉಸಿರು ಸಿಗದಷ್ಟು. "ಇನ್ನೊಂದು ಬರ್ಲಿ," ಅಂದರು. ಇನ್ನೊಂದು ಬಂತು. ದಂಡೆಯಿಂದ ಸೆಲ್ವಣ್ಣನ ಸೈರನ್ ಎದ್ದಿತು, ನಾಯಿಗಳೂ ಎದ್ದವು. ಅದೇ ಹೊತ್ತಿಗೆ ಕಾರಿನಿಂದಿಳಿದ ಹೊಸ ಗಿರಾಕಿಗಳು ಚೀಲ ಹಿಡಿದುಕೊಂಡು ಗೇಟಿನಲ್ಲೇ ನಿಂತುಬಿಟ್ಟರು. ಸೆಲ್ವಣ್ಣ ಕುಂಟುತ್ತ ಹೋಗಿ ಬೀಗದ ಕೈ ಕೊಟ್ಟರು. "ಚಾರ್ಜ್ ತಗೊಳ್ಳಿ ಸಾರ್. ಸಮುದ್ರ ಒಳ್ಳೆ ಕಂಡೀಷನ್ನಲ್ಲಿದೆ."

ಈ ವರ್ಷ ಸೆಲ್ವಣ್ಣ ಹೋದರು. ಮಧ್ಯಾಹ್ನ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ನಾವು ಭದ್ರಾವತಿಗೆ ಹೋದಾಗ ರಾಜಕ್ಕ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದುಕೊಂಡರು, ಬಳೆ ಸಮೇತ, ಅವತ್ತಿನ ಹಾಗೆಯೇ. ಜನ ಬಂದರು, ಹೋದರು. ಮಗಳು ಇನ್ನೂ ದಾರಿಯಲ್ಲಿದ್ದಳು. ಬಾಗಿಲಲ್ಲಿ ನಿಂತಿದ್ದ ನಮ್ಮವರು ಶಿವಮೊಗ್ಗದ ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ತೋರಿಸಿದರು.

"ನೀವು ಹೋಗಿರಿ," ಅಂದೆ. "ನನ್ನ ರಿಲೀವರ್ ಇನ್ನೂ ಬಂದಿಲ್ಲ."

ರಾಜಕ್ಕನ ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡು ಎಲ್ಲರೂ ತಿರುಗಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.