ಆವಕ ನಂಬರು ಇನ್ನೂರ ಹದಿನಾಲ್ಕು

ಯೂಸುಫಸಾಬರು ಹೊಟ್ಟೆಬಾಕರು ಎಂದು ನಾನು ಹನ್ನೆರಡು ವರ್ಷ ನಂಬಿದ್ದೆ. ಬರೀ ನಂಬಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಆ ನಂಬಿಕೆಗೆ ಉಪ್ಪು ಖಾರ ಹಚ್ಚಿ ಸ್ಟಾಫ್ ರೂಮಿನ ತುಂಬ ಹಂಚಿದ್ದೆ ಕೂಡ.

ಕಣ್ಣಾರೆ ಕಂಡದ್ದೇ ನನಗೆ ಆಧಾರ. ೧೯೮೨ರ ಜುಲೈ ಒಂದನೇ ತಾರೀಖು, ಗುರುವಾರ. ರಾಣೇಬೆನ್ನೂರಿನ ಒಂದು ಕಾಲೇಜಿಗೆ ಕನ್ನಡ ಲೆಕ್ಚರರ್ ಆಗಿ ಹಾಜರಾಗಲು ಬ್ಯಾಡಗಿಯಿಂದ ಬೆಳಗಿನ ಪ್ಯಾಸೆಂಜರಿಗೆ ಬಂದಿದ್ದೆ. ಹತ್ತೂವರೆಗೆ ಕಚೇರಿಯ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವನು ನಾನೇ. ಹೆಡ್ ಕ್ಲಾರ್ಕು ಯೂಸುಫಸಾಬರು ನನ್ನ ಹಾಜರಿ ಪತ್ರ ತೆಗೆದುಕೊಂಡು ಪ್ರಿನ್ಸಿಪಾಲರ ಸಹಿ ಮಾಡಿಸಿದರು. ಆಮೇಲೆ ಆವಕ ಪುಸ್ತಕದಲ್ಲಿ, ಅಂದರೆ ಕಚೇರಿಗೆ ಬಂದ ಕಾಗದಕ್ಕೆಲ್ಲ ನಂಬರು ಹಾಕಿ ಬರೆಯುವ ಆ ದಪ್ಪ ರಿಜಿಸ್ಟರಿನಲ್ಲಿ, ಇನ್ನೂರ ಹನ್ನೊಂದು ಎಂದು ಬರೆದರು. "ಕುಂದ್ರಿ ಸರ್, ಟೈಮ್‌ಟೇಬಲ್ ಆಗೂತನಕ" ಅಂದರು. ಗೋಡೆಗೆ ಹಚ್ಚಿದ ಬಾಕಿನ ಮೇಲೆ ಕೂತೆ. ಕೂತವನಿಗೆ ಬೇರೆ ಕೆಲಸವಿಲ್ಲದ್ದರಿಂದ ಎದುರಿನ ಗಡಿಯಾರವನ್ನೂ ಯೂಸುಫಸಾಬರನ್ನೂ ನೋಡುತ್ತ ಉಳಿದೆ.

ಹನ್ನೆರಡು ದಾಟಿರಬೇಕು. ಒಬ್ಬಾತ ಸೈಕಲ್ ಹೊರಗೆ ಒಗೆದು ಬಾಗಿಲಿಗೆ ಬಂದು ಉರ್ದುವಿನಲ್ಲಿ ಏನೋ ಹೇಳಿದ. ನನಗೆ ತಿಳಿದದ್ದು 'ಘರ್', 'ಜಲ್ದಿ' ಎರಡೇ ಮಾತು. ಯೂಸುಫಸಾಬರು ತಟ್ಟನೆ ಎದ್ದು ಟೊಪ್ಪಿಗೆ ಹಾಕಿಕೊಂಡರು. ಮನೆ, ಲಗೂ. ಅಂದಮೇಲೆ ಊಟ. ಊಟದ ಹೊತ್ತು ಒಂದೂವರೆಗೆ ಎಂದು ಬಾಗಿಲ ಮೇಲೇ ಬರೆದಿತ್ತು. 'ಭಲೆ!' ಅಂದುಕೊಂಡೆ.

ಅಷ್ಟರಲ್ಲಿ ಅಜ್ಜಪ್ಪ ಬಂದ. ಆತ ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ಮೊಣಕಾಲಿನ ತನಕ ಕೆಸರು, ಕೈಯಲ್ಲಿ ಬೆವರಿಗೆ ಮೆತ್ತಗಾದ ನೇಮಕದ ಪತ್ರ. ಇತಿಹಾಸಕ್ಕೆ ಆದ ಹೊಸ ಲೆಕ್ಚರರ್. "ಸಾಹೇಬ್ರ, ಮೇಡ್ಲೇರಿ ಬಸ್ಸು ನಡುದಾರ್‍ಯಾಗ ಕೆಟ್ಟತ್ರಿ. ನಾಕು ಮೈಲಿ ನಡಕೋತ ಬಂದೇನ್ರಿ. ಹೊತ್ತಾತೇನ್ರಿ?"

ಯೂಸುಫಸಾಬರು ಗಡಿಯಾರ ನೋಡಿದರು. ಬಾಗಿಲಲ್ಲಿ ನಿಂತ ಸೈಕಲ್ಲಿನವನನ್ನು ನೋಡಿದರು. ತಡಿ ಅನ್ನುವ ಹಾಗೆ ಅವನಿಗೆ ಕೈ ತೋರಿಸಿ, ಟೊಪ್ಪಿಗೆ ಹಾಕಿಕೊಂಡೇ ಮತ್ತೆ ಕೂತು ಅಜ್ಜಪ್ಪನ ಪತ್ರ ಬರೆಸಿದರು. ಪ್ರಿನ್ಸಿಪಾಲರು ಆಡಳಿತ ಮಂಡಳಿಯವರ ಜೊತೆ ಬಾಗಿಲು ಹಾಕಿಕೊಂಡು ಕೂತಿದ್ದರು. ಯೂಸುಫಸಾಬರು ಆ ಬಾಗಿಲ ಮುಂದೆ ಇಪ್ಪತ್ತೈದು ನಿಮಿಷ ನಿಂತರು. ಒಮ್ಮೆ ಆ ಕಾಲಿನ ಮೇಲೆ, ಒಮ್ಮೆ ಈ ಕಾಲಿನ ಮೇಲೆ. ಪಾಪ, ಹಸಿವು ಅಂದುಕೊಂಡೆ. ಸಹಿ ಆದದ್ದೇ ತಡ, ಓಡಿ ಬಂದು ನಂಬರು ಹಾಕಿದರು, ಪುಸ್ತಕ ತೆರೆದಲ್ಲೇ ಬಿಟ್ಟರು, ಚಪ್ಪಲಿ ಮೆಟ್ಟದೆ ಆ ಸೈಕಲ್ಲಿನ ಹಿಂದೆ ಹತ್ತಿ ಹೋದರು. ಹನ್ನೆರಡೂ ಮುಕ್ಕಾಲು. ಸ್ವಲ್ಪ ಹೊತ್ತಿಗೆ ನಾನೂ ಚಹಾಕ್ಕೆಂದು ಹೊರಬಿದ್ದೆ.

ಅಂದಿನಿಂದ ನಾನು ಅವರಿಗೆ 'ಊಟದ ಸಾಹೇಬ್ರು' ಎಂದು ಹೆಸರಿಟ್ಟೆ. ಬರಿಗಾಲಿನ ಓಟವನ್ನು ನಟಿಸಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮುಂದೆ ಯೂಸುಫಸಾಬರು ಮಧ್ಯಾಹ್ನ ಮನೆಗೆ ಹೋದದ್ದನ್ನು ಯಾರೂ ಕಾಣಲಿಲ್ಲ. ಡಬ್ಬಿಯಲ್ಲಿ ಎರಡು ರೊಟ್ಟಿ ತಂದು ಅಲ್ಲೇ ಮೇಜಿನ ಮೇಲೆ ತಿನ್ನುತ್ತಿದ್ದರು. ನನ್ನ ಚೇಷ್ಟೆಯಿಂದ ಮನುಷ್ಯ ಸುಧಾರಿಸಿದ ಎಂದು ಅದರ ಹೆಗ್ಗಳಿಕೆಯನ್ನೂ ನಾನೇ ತೆಗೆದುಕೊಂಡೆ.

ಯೂಸುಫಸಾಬರು ಗಳಗನಾಥದ ಕಡೆಯವರು. ಹಾವೇರಿಯಲ್ಲಿ ಮೆಟ್ರಿಕ್ ಮುಗಿಸಿ, ಕಾಲೇಜು ತಗಡಿನ ಛಾವಣಿಯಲ್ಲಿದ್ದಾಗಲೇ ಕಾರಕೂನರಾಗಿ ಸೇರಿದವರು. ಲೆಕ್ಚರರುಗಳ ಹೆಸರಿಗಿಂತ ಅವರು ಸೇರಿದ ತಾರೀಖು ಅವರಿಗೆ ಬಾಯಿಪಾಠ. ಯಾಕೆಂದರೆ ನಮ್ಮ ಕಾಲೇಜಿನಲ್ಲಿ ಪಾಠದ ಬಗ್ಗೆ ಜಗಳವಾದದ್ದು ನನಗೆ ನೆನಪಿಲ್ಲ. ಹಿರಿತನದ ಬಗ್ಗೆ ಜಗಳವಿಲ್ಲದ ತಿಂಗಳು ನೆನಪಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಯಾರದು, ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಮೇಲೆ, ಸ್ನೇಹ ಸಮ್ಮೇಳನದ ಕರೆಯೋಲೆಯಲ್ಲಿ ಯಾರು ಯಾರಿಗಿಂತ ಮೊದಲು, ಇದೇ ನಮ್ಮ ಸಂಶೋಧನೆ.

ಎಂಬತ್ತೇಳರ ಗ್ರೂಪ್ ಫೋಟೋದ ದಿನ ಏಳು ಕುರ್ಚಿ, ಎಂಟು ಹಿರಿಯರು. ಫೋಟೋದವನು ಕರೀ ಬಟ್ಟೆಯೊಳಗೆ ತಲೆ ಹಾಕಿ ಬೆವರಿ ಹೊರಬಂದ. ಕೊನೆಗೆ ಯೂಸುಫಸಾಬರಿಗೆ ಕರೆ ಹೋಯಿತು. ಪುಸ್ತಕ ಬಗಲಲ್ಲಿಟ್ಟು ಬಂದರು. ಚಷ್ಮಾ ಒರೆಸಿದರು.

"ಹದಿನಾರು ಜೂನ್ ಅರವತ್ತೊಂಬತ್ತು, ಕುಂದ್ರಿ. ಹದಿನೇಳು ಜೂನ್, ನಿಂದರ್ರಿ."

"ಒಂದ ದಿವಸದ ಫರಕಲ್ರೀ ಯೂಸುಫಸಾಬ!" ಎಂದು ಸಸ್ಯಶಾಸ್ತ್ರದವರು ಕೂಗಾಡಿದರು.

"ಪುಸ್ತಕ ಅಂತೈತ್ರಿ. ನಾ ಅನ್ನಂಗಿಲ್ಲ."

ಸಸ್ಯಶಾಸ್ತ್ರದವರು ಹಿಂದಿನ ಸಾಲಿನಲ್ಲಿ ಮುಖ ಅತ್ತ ತಿರುಗಿಸಿ ನಿಂತ ಆ ಫೋಟೋ ಇನ್ನೂ ವರಾಂಡದಲ್ಲಿ ತೂಗುತ್ತಿದೆ.

ಒಂದು ಸಲ ಕೇಳಿದೆ, "ಸಾಬರ, ಎಲ್ಲಾರ ಸೀನಿಯಾರಿಟಿ ನೀವು ನೋಡತೀರಿ. ನಿಮ್ದು ಯಾರು ನೋಡತಾರ್ರಿ?"

"ಈ ಕಚೇರ್‍ಯಾಗ ಹೆಡ್ ಕ್ಲಾರ್ಕ್ ಒಬ್ಬನ ರೀ. ನನಗ ಮುಂದೂ ಯಾರಿಲ್ಲ, ಹಿಂದೂ ಯಾರಿಲ್ಲ" ಅಂದರು. ಒಳ್ಳೆಯ ಮಾತು ಎಂದು ನಾನು ನಕ್ಕೆ. ಅವರಿಗೊಬ್ಬ ಮಗಳಿದ್ದು ತೀರಿಕೊಂಡಿದ್ದಳೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಯಾರೋ ಹೇಳಿದ್ದರು. ಯಾವಾಗ ಅಂತ ನಾನು ಕೇಳಿರಲಿಲ್ಲ. ತಾರೀಖಿನ ಮೇಲೆಯೇ ಬದುಕಿದ ನಮಗೆ ಅದೊಂದು ತಾರೀಖು ಬೇಕಾಗಿರಲಿಲ್ಲ.

ತೊಂಬತ್ನಾಲ್ಕರಲ್ಲಿ ಪ್ರಿನ್ಸಿಪಾಲರು ನಿವೃತ್ತರಾದರು. ನನಗಿಂತ ಹಿರಿಯರಾದವರು ಅಷ್ಟರಲ್ಲಿ ಕೆಲವರು ವರ್ಗವಾಗಿ, ಕೆಲವರು ರಿಟೈರಾಗಿ, ಒಬ್ಬರು ದೇವರ ಪಾದ ಸೇರಿ, ಸಾಲಿನ ಮುಂದೆ ಉಳಿದವರು ಇಬ್ಬರೇ: ನಾನು, ಅಜ್ಜಪ್ಪ. ಇಬ್ಬರಲ್ಲಿ ಹಿರಿಯನಾದವನಿಗೆ ಪ್ರಿನ್ಸಿಪಾಲರ ಖುರ್ಚಿ. ಇಬ್ಬರೂ ಸೇರಿದ್ದು ಒಂದೇ ದಿನ. ಒಂದೇ ದಿನ ಸೇರಿದರೆ ಮಧ್ಯಾಹ್ನದ ಮೊದಲು, ಅಂದರೆ ಕಚೇರಿಯ ಲೆಕ್ಕದಲ್ಲಿ ಒಂದೂವರೆಯ ಊಟದ ಬಿಡುವಿಗಿಂತ ಮೊದಲು, ಸೇರಿದವನು ಹಿರಿಯ. ಇಬ್ಬರೂ ಮಧ್ಯಾಹ್ನದ ಮೊದಲೇ ಸೇರಿದ್ದರೆ ವಯಸ್ಸಿನಲ್ಲಿ ದೊಡ್ಡವನು ಹಿರಿಯ. ಅಜ್ಜಪ್ಪ ನನಗಿಂತ ನಲವತ್ತು ದಿನ ದೊಡ್ಡವನು.

ಯೂಸುಫಸಾಬರು ನಮ್ಮಿಬ್ಬರ ಸೇವಾ ಪುಸ್ತಕದಲ್ಲೂ 'ಮಧ್ಯಾಹ್ನಪೂರ್ವ' ಎಂದೇ ಬರೆದಿದ್ದರು. ನಲವತ್ತು ದಿನದಿಂದ ನನ್ನ ಖುರ್ಚಿ ಹೋಯಿತು. ಬ್ಯಾಡಗಿಯಲ್ಲಿ ನಮ್ಮವ್ವ ಆಗಲೇ ಓಣಿಯ ತುಂಬ ಪೇಢೆ ಹಂಚಿಬಿಟ್ಟಿದ್ದಳು. ನಾನು ತಕರಾರು ಅರ್ಜಿ ಬರೆದೆ, ಮೂರು ಪುಟ. ನನ್ನ ಜೀವಮಾನದಲ್ಲಿ ಅಷ್ಟು ಚಂದ ಗದ್ಯ ಬರೆದಿಲ್ಲ. ಸಾರಾಂಶ ಇಷ್ಟೆ: ಆ ದಿನ ಹೆಡ್ ಕ್ಲಾರ್ಕು ಊಟಕ್ಕೆ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಜ್ಜಪ್ಪನವರ ಕಾಗದವನ್ನು ಊಟ ಮುಗಿಸಿ ಬಂದಮೇಲೆ ನೋಂದಿಸಿ ಸುಳ್ಳು ಬರೆದಿದ್ದಾರೆ. ನಂಬರು ಹಾಕಿದ್ದನ್ನೂ ನಾನು ಕಂಡಿದ್ದೆನಲ್ಲ? ಕಂಡಿದ್ದೆ. ಆದರೆ ಖುರ್ಚಿ ಎದುರಿಗೆ ಬಂದಾಗ ಅದು ನನಗೆ ನೆನಪಾಗಲಿಲ್ಲ. ಓಡಿದ್ದೊಂದೇ ನೆನಪಿತ್ತು.

ವಿಚಾರಣೆ ಹಾವೇರಿಯಲ್ಲಿ, ಸಂಸ್ಥೆಯ ಕಚೇರಿಯಲ್ಲಿ. ಮೂವರೂ ಒಂದೇ ಬಸ್ಸಿಗೆ ಹೋದೆವು. ಕಿಟಕಿಯ ಸೀಟಿಗೆ ನಾನೂ ಅಜ್ಜಪ್ಪನೂ ಒಟ್ಟಿಗೇ ಕೈ ಹಾಕಿದೆವು. "ನೀವ ಕುಂದ್ರಿ ಮಾಸ್ತರ, ಇನ್ನೂ ತೀರ್ಪು ಬಂದಿಲ್ಲ" ಎಂದ ಅಜ್ಜಪ್ಪ, ಕೊಂಕಾಗಿ. ಯೂಸುಫಸಾಬರು ಅರಿವೆಯಲ್ಲಿ ಸುತ್ತಿದ ಹಳೆಯ ಆವಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಅವರ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಸುಳ್ಳು ಬರೆದರೆಂದು ಸಾಬೀತಾದರೆ ಮೂವತ್ತಾರು ವರ್ಷದ ಹೆಸರು ಅಲ್ಲಿಗೇ ಮಣ್ಣು.

ಅಧ್ಯಕ್ಷರು ಕೇಳಿದರು, "ಏನ್ರಿ ಯೂಸುಫಸಾಬ, ಅಜ್ಜಪ್ಪನವರ ಕಾಗದ ಊಟದ ಮೊದಲೋ, ಆಮೇಲೋ?"

"ಮೊದಲರಿ. ಒಂದು ಗಂಟೆ ಒಳಗ."

ನಾನು ಎದ್ದು ನಿಂತು, ವಕೀಲರಂತೆ ಕೈ ಹಿಂದೆ ಕಟ್ಟಿ ಕೇಳಿದೆ: "ಹನ್ನೆರಡೂ ಮುಕ್ಕಾಲಿಗೆ ನೀವು ಬರಿಗಾಲಿಲೆ ಓಡಿ ಹೋಗಿದ್ದು ಖರೇ ಹೌದಿಲ್ರಿ?"

"ಖರೇ ರೀ."

"ಊಟಕ್ಕ?"

ಅವರು ಅರಿವೆಯ ಗಂಟನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಅಧ್ಯಕ್ಷರ ಕಡೆ ನೋಡಿ ನಕ್ಕೆ. ಆ ನಗೆ ಈಗಲೂ ನನಗೆ ಮರೆಯಲಾಗಿಲ್ಲ.

"ಪುರಾವೆ ಏನರೆ ಐತೇನ್ರಿ? ಎಂಬತ್ತೆರಡರಾಗ ಇದ್ದ ಪ್ರಿನ್ಸಿಪಾಲರಂತೂ ತೀರಿಕೊಂಡಾರ" ಎಂದರು ಅಧ್ಯಕ್ಷರು.

"ಐತ್ರಿ" ಎಂದರು ಯೂಸುಫಸಾಬರು. ಆದರೆ ಪುಸ್ತಕ ಬಿಚ್ಚಲಿಲ್ಲ. ಅರಿವೆಯ ಗಂಟಿನ ಮೇಲೆ ಕೈ ಇಟ್ಟುಕೊಂಡೇ ಕೂತರು. ಅಜ್ಜಪ್ಪ, "ತೋರಸ್ರಿ ಮತ್ತ, ಯಾಕ ಕುಂತೀರಿ?" ಎಂದು ಚಡಪಡಿಸಿದ. ಅವನ ಮುಖ ಒಂದು ಗಳಿಗೆ ನೋಡಿ ಯೂಸುಫಸಾಬರು ಗಂಟು ಬಿಚ್ಚಿದರು, ಹಾಳೆ ತೆರೆದರು, ಅಧ್ಯಕ್ಷರ ಕಡೆ ಸರಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಆ ಪುಟಕ್ಕೆ ಒಂದು ಹಳೆಯ ಕಾಗದವನ್ನು ಗುಂಡುಸೂಜಿಯಿಂದ ಚುಚ್ಚಿಟ್ಟಿತ್ತು. ತಾವು ಓದಲಿಲ್ಲ.

ಅಧ್ಯಕ್ಷರು ಗಟ್ಟಿಯಾಗಿ ಓದತೊಡಗಿದರು. "ಇನ್ನೂರ ಹದಿನಾಲ್ಕು: ಅಜ್ಜಪ್ಪ, ಹಾಜರಿ ಪತ್ರ. ಇನ್ನೂರ ಹದಿನೈದು: ಯೂಸುಫಸಾಬ, ರಜೆ ಅರ್ಜಿ. ಚಮನಸಾಬ ಎಂಬವರ ಕೈಯಿಂದ ಒಂದೂ ಕಾಲಿಗೆ ಬಂತು." ಆ ಸಾಲು ಎರಡನೇ ಕ್ಲಾರ್ಕು ಹೇಮಪ್ಪನ ಅಕ್ಷರ, ಬೆಳಗ್ಗೆ ಖಜಾನೆಗೆ ಹೋದವನು ಅಷ್ಟೊತ್ತಿಗೆ ತಿರುಗಿ ಬಂದಿದ್ದ. ಒಂದೂ ಕಾಲಿಗೆ ಬಂದ ಇನ್ನೂರ ಹದಿನೈದಕ್ಕಿಂತ ಇನ್ನೂರ ಹದಿನಾಲ್ಕು ಮೊದಲಿರಲೇಬೇಕು. ನನ್ನ ಮೂರು ಪುಟದ ಗದ್ಯ ಅಲ್ಲಿಗೆ ಮುಗಿಯಿತು. ಅಧ್ಯಕ್ಷರು ಅಲ್ಲಿಗೇ ನಿಲ್ಲಿಸಬಹುದಿತ್ತು. ಓದುವ ರಭಸದಲ್ಲಿ ಅರ್ಜಿಯನ್ನೂ ಓದಿಬಿಟ್ಟರು:

"'ನನ್ನ ಮಗಳು ಜಾಹೀದಾ, ವಯಸ್ಸು ಆರು, ಇಂದು ಹನ್ನೆರಡೂವರೆಗೆ ತೀರಿಕೊಂಡಿರುವುದರಿಂದ...'"

ಅಧ್ಯಕ್ಷರು ಪುಸ್ತಕವನ್ನು ಯೂಸುಫಸಾಬರ ಕಡೆ ಸರಿಸಿದರು. ಹನ್ನೆರಡೂವರೆಗೆ ನಾನು ಬಾಕಿನ ಮೇಲೆ ಕೂತು, ಮುಚ್ಚಿದ ಬಾಗಿಲ ಮುಂದೆ ಕಾಲು ಬದಲಿಸುತ್ತಿದ್ದ ಮನುಷ್ಯನನ್ನು ನೋಡುತ್ತ, ಪಾಪ, ಹಸಿವು ಅಂದುಕೊಳ್ಳುತ್ತಿದ್ದೆ.

ಯೂಸುಫಸಾಬರು ಪುಸ್ತಕ ಮುಚ್ಚಿ ಮತ್ತೆ ಅರಿವೆ ಸುತ್ತಿದರು. ಅಜ್ಜಪ್ಪ ಎದ್ದು, "ನನಗ ಆ ಖುರ್ಚಿ ಬ್ಯಾಡ್ರಿ" ಎಂದ.

"ಬ್ಯಾಡ ಅನ್ನಾಕ ಬರಂಗಿಲ್ರಿ ಸರ್" ಎಂದರು ಯೂಸುಫಸಾಬರು. "ಪುಸ್ತಕದಾಗ ಐತಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ರಾಣೇಬೆನ್ನೂರಿನ ತನಕ ಖಾಲಿ ಬಂತು.

ಮುಂದಿನ ರವಿವಾರ ಯೂಸುಫಸಾಬರ ಮನೆಗೆ ಹೋದೆ. ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಸೈಕಲ್ ಒಗೆದು ಬಂದಿದ್ದ ಚಮನಸಾಬ ಅವರ ಬಾಜೂ ಮನೆಯವನೆಂದು ಅವತ್ತು ತಿಳಿಯಿತು. ಕಾಲೇಜಿಗೂ ಆ ಮನೆಗೂ ಸೈಕಲ್ಲಿನ ಮೇಲೆ ಹತ್ತು ನಿಮಿಷದ ದಾರಿ ಎಂಬುದೂ.

ಯೂಸುಫಸಾಬರ ಹೆಂಡತಿ ಕುಲ್ಸುಮಬಿ ಚಹಾ ತಂದಿಟ್ಟರು. ನಾನು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಮಗಳ ಮಾತು ನಾನೇ ತೆಗೆದೆ, ತೆಗೆಯಬಾರದಿತ್ತು.

"ಮೂರು ದಿವಸದ ಜ್ವರ ರೀ" ಎಂದರು. "ಲಗ್ನಾಗಿ ಹನ್ನೊಂದು ವರ್ಷಕ್ಕ ಹುಟ್ಟಿದಾಕಿ. ಅಬ್ಬಾ ಬಂದ್ರೇನು ಅಂತ ಎರಡು ಸಲ ಕೇಳಿದ್ಲು. ಬರಾಕತ್ತಾರ ಬೇಟಾ, ಬರಾಕತ್ತಾರ ಅಂದೆ." ಅಷ್ಟು ಹೇಳಿ, ಕಪ್ಪು ತೆಗೆದುಕೊಳ್ಳುವುದನ್ನು ಮರೆತು ಒಳಗೆ ಹೋದರು.

ಯೂಸುಫಸಾಬರು ತಮ್ಮ ಚಹಾ ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಆರಿಸುತ್ತಿದ್ದರು. ನಾನು ಕ್ಷಮೆ ಕೇಳಲೆಂದೇ ಹೋದವನು. ಮಾತು ಮಾರಿಯೇ ಹೊಟ್ಟೆ ಹೊರೆಯುವ ನನಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಬದಲಿಗೆ ಇನ್ನೇನೋ ಬಂತು.

"ಅಲ್ರೀ ಸಾಬರ, ಅದೇನು ದೊಡ್ಡ ಕಾಗದ? ಮೇಜಿನ ಮ್ಯಾಲ ಇಟ್ಟು ಮನಿಗೆ ಹೋಗಿದ್ರ, ಮರುದಿವಸ ಯಾರರೆ ನಂಬರ್ ಹಾಕತಿದ್ರು. ಅಂಥಾದ್ದೇನಾಗತಿತ್ರಿ?"

ಅವರು ಬಸಿ ಕೆಳಗಿಟ್ಟರು.

"ನೀವು ಸೀನಿಯರ್ ಆಗತಿದ್ರಿ" ಎಂದರು.